ಗಾಳಿಯಲ್ಲಿ ಉಳಿಯುವ ಅಕ್ಷರ

ಟಿಕೋಟಾದಿಂದ ಘೋಣಸಗಿ ಕಡೆಗೆ ಹೋಗುವ ರಸ್ತೆಯಲ್ಲಿ ಚಳಿಗಾಲ ಮುಗಿಯುವ ಹೊತ್ತಿಗೆ ಬೆಳಿಗ್ಗೆಯೇ ಎದುರುಗಾಳಿ ಏಳುತ್ತದೆ. ಜೀಪಿನ ಕಿಟಕಿಯಿಂದ ತಲೆ ಹೊರಹಾಕಿ ಯಾರಾದರೂ ಕೂಗಿದರೆ, ಮುಂದೆ ಸೈಕಲ್ ತುಳಿಯುತ್ತಿರುವವರಿಗೆ ಇಡೀ ಶಬ್ದ ಮುಟ್ಟುವುದಿಲ್ಲ. ಒಂದೇ ಒಂದು ಅಕ್ಷರ ಮುಟ್ಟುತ್ತದೆ. ಆ ಅಕ್ಷರ ಯಾವುದು ಎಂದು ಗುರುತು ಹಾಕಿಕೊಳ್ಳುವುದೇ ಕೆಲವು ತಿಂಗಳು ನನ್ನ ಕೆಲಸವಾಗಿತ್ತು.

ನಾನು ಕೆಲಸ ಮಾಡುತ್ತಿದ್ದದ್ದು ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ನಮ್ಮ ಕಾಕಾನ ಒಣದ್ರಾಕ್ಷಿ ಅಂಗಡಿಯಲ್ಲಿ. ಪದವಿ ಮುಗಿದ ವರ್ಷ ಫೋನಿನಲ್ಲಿ ಸ್ಪ್ಯಾನಿಶ್ ಕಲಿಯಲು ಶುರು ಮಾಡಿದ್ದೆ. ಪುಣೆಯ ಒಬ್ಬ ಶಿಕ್ಷಕಿ ವಾರಕ್ಕೆರಡು ಸಲ ಪಾಠ ಹೇಳುತ್ತಿದ್ದರು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಚೀಲಗಳ ಮಧ್ಯೆ ಕುಳಿತು ಕ್ರಿಯಾಪದಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಎಷ್ಟು ಹೇಳಿದೆ, ಎಷ್ಟು ತಪ್ಪಿದೆ ಎಂದು ದಿನಾಲೂ ಡೈರಿಯಲ್ಲಿ ಗೀಟು ಹಾಕುತ್ತಿದ್ದೆ. ಇದರಿಂದ ಏನು ಉಪಯೋಗ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಊರಿನ ಒಂದು ಸೈಕಲ್ ಸಂಘದ ಕಾರ್ಯದರ್ಶಿ ನಮ್ಮ ಅಂಗಡಿಯ ಗಿರಾಕಿ. ಹುಡುಗಿಯರಿಗೆ ಬೆಳಿಗ್ಗೆ ತಿನ್ನಲು ಒಣದ್ರಾಕ್ಷಿ ಒಯ್ಯುತ್ತಿದ್ದರು. ಒಂದು ದಿನ ತಕ್ಕಡಿಯ ಮುಂದೆ ನಿಂತು ಕಾಕಾನನ್ನು ಕೇಳಿದರು.

“ನಿಮ್ಮ ಅಂಗಡ್ಯಾಗ ಸ್ಪ್ಯಾನಿಶ್ ಬರೂ ಹುಡಿಗಿ ಅದಾಳಂತಲ್ರಿ?”

“ಬರತೈತೋ ಇಲ್ಲೋ ನಮಗೇನ ಗೊತ್ತ್ರಿ,” ಅಂದ ಕಾಕಾ. “ಮೂಲ್ಯಾಗ ಕುಂತು ಗುನುಗತಾಳ. ಮಂತ್ರ ಆಗಿದ್ರ ಇಷ್ಟೊತ್ತಿಗೆ ಏನರ ಫಲ ಕೊಡತಿತ್ತು.”

ಸಂಘಕ್ಕೆ ಕೊಲಂಬಿಯಾದ ಒಂದು ಗುಡ್ಡದೂರಿನಿಂದ ತರಬೇತುದಾರರು ಬಂದಿದ್ದರು. ಸಾವಕಾಶವಾಗಿ ಕುಳಿತು ಮಾತಾಡುವಾಗ ಅವರ ಇಂಗ್ಲಿಷ್ ಸಾಕಾಗುತ್ತಿತ್ತು. ಆದರೆ ಜೀಪಿನಲ್ಲಿ ಕುಳಿತು ಸೈಕಲ್ ಹಿಂದೆ ಹೊರಟರೆಂದರೆ ಅವರ ಬಾಯಲ್ಲಿ ತಮ್ಮ ಭಾಷೆ ಬಿಟ್ಟು ಬೇರೆ ಬರುತ್ತಿರಲಿಲ್ಲ. ಸಂಘದಲ್ಲಿ ನಾಲ್ವರು ಹುಡುಗಿಯರಿದ್ದರು. ಮಾರ್ಚಿನಲ್ಲಿ ಒಂದು ಪರೀಕ್ಷೆಯ ಓಟ ನಡೆಸಿ ಅವರಲ್ಲಿ ಇಬ್ಬರನ್ನು ತಮ್ಮೂರಿನ ಶಿಬಿರಕ್ಕೆ ಕರೆದೊಯ್ಯುವುದಿತ್ತು. ಅಲ್ಲಿಯವರೆಗೆ ಅವರ ಕೂಗು ಹುಡುಗಿಯರಿಗೆ ತಿಳಿಯುವಂತೆ ಮಾಡಬೇಕು, ಅಷ್ಟೇ ನನಗೆ ಒಪ್ಪಿಸಿದ ಕೆಲಸ. ನನ್ನನ್ನು ಎಲ್ಲರೂ ಅಕ್ಕೋರ ಎಂದು ಕರೆಯಲು ಶುರು ಮಾಡಿದರು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುತ್ತಾರೆ.

ನಾಲ್ವರಿಗೂ ಭಾನುವಾರ ಪಾಠವಿತ್ತು. ನಿಡೋಣಿಯ ಹುಡುಗಿ ಮಾತ್ರ ಉಳಿದ ದಿನಗಳಲ್ಲೂ ಬರುತ್ತಿದ್ದಳು. ಅವಳಿಗೆ ಇದು ಕೊನೆಯ ಅವಕಾಶವಾಗಿತ್ತು. ಮುಂದಿನ ವರ್ಷ ಅವಳು ಕಿರಿಯರ ವಯಸ್ಸು ದಾಟುತ್ತಿದ್ದಳು, ದಾಟಿದ ಮೇಲೆ ಸಂಘದ ವಸತಿಯಲ್ಲಿ ಜಾಗವಿರಲಿಲ್ಲ. ಶಿಬಿರಕ್ಕೆ ಹೋದರೆ ಸೈಕಲ್ ಮುಂದುವರಿಯುತ್ತದೆ, ಹೋಗದಿದ್ದರೆ ನಿಲ್ಲುತ್ತದೆ. ಇದನ್ನು ಅವಳು ದುಃಖದಿಂದೇನೂ ಹೇಳಲಿಲ್ಲ. ಮೊದಲ ದಿನ ಟೈರಿಗೆ ಗಾಳಿ ಹಾಕುತ್ತಾ, ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದಳು.

ಅಂಗಡಿಯ ಮೇಲೆ ಒಂದು ಮಾಳಿಗೆ ಇದೆ. ಎರಡು ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿ, ನಿಂತಲ್ಲೇ ತುಳಿಯುವ ಒಂದು ಸಾಧನವನ್ನು ಅವಳು ಅಲ್ಲಿ ತಂದಿಟ್ಟಳು. ನಾನು ಚೀಲದ ಮೇಲೆ ಕುಳಿತು ಒಂದು ಶಬ್ದ ಹೇಳುವುದು, ಅವಳು ತುಳಿಯುತ್ತಲೇ ತಿರುಗಿ ಹೇಳುವುದು. ಒತ್ತು ಬೀಳುವ ಅಕ್ಷರಕ್ಕೆ ಸರಿಯಾಗಿ ಬಲಗಾಲು ಕೆಳಗೆ ಬರಬೇಕು. ಈ ಪದ್ಧತಿಯನ್ನು ನಾವು ಯೋಚಿಸಿ ಮಾಡಿದ್ದಲ್ಲ. ಎರಡನೆಯ ದಿನವೇ ತಾನಾಗಿ ಬಂತು.

ನಮ್ಮ ಮಾತಿನಲ್ಲಿ ಒತ್ತನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದ್ದರೆ ಮೊದಲ ಅಕ್ಷರದ ಮೇಲೆ ತುಸು ಭಾರ ಇರುತ್ತದೆ, ಅಷ್ಟೇ. ಸ್ಪ್ಯಾನಿಶ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಕ್ರಿಯಾಪದದಲ್ಲೂ ಒಂದು ಅಕ್ಷರ ಉಳಿದವುಗಳ ಮೇಲೆ ತಲೆ ಎತ್ತಿ ನಿಲ್ಲುತ್ತದೆ. ಕೂಗುವಾಗ ಉಸಿರೆಲ್ಲ ಅದಕ್ಕೇ ಹೋಗುತ್ತದೆ, ಉಳಿದವು ಗಾಳಿಯ ಪಾಲು. ‘ಆ-ತಾ-ಕಾ’ ಎಂದರೆ ನುಗ್ಗು. ಅದರಲ್ಲಿ ‘ತಾ’ ಮುಟ್ಟುತ್ತದೆ. ‘ಎಸ್-ಪೇ-ರಾ’ ಎಂದರೆ ತಡೆ. ಅದರಲ್ಲಿ ‘ಪೇ’ ಮುಟ್ಟುತ್ತದೆ. ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರ.

ತೊಂದರೆ ಇದ್ದದ್ದು ಅಕ್ಷರ ಒಡೆಯುವುದರಲ್ಲಿ. ಗೇರ್ ಬದಲಿಸು ಎನ್ನಲು ಅವರು ‘ಕಾಂಬ್ಯಾ’ ಎನ್ನುತ್ತಾರೆ. ನಮ್ಮ ನಾಲಿಗೆ ಅದನ್ನು ಕಾಂ-ಬಿ-ಯಾ ಎಂದು ಮೂರು ತುಂಡು ಮಾಡುತ್ತದೆ. ಅಲ್ಲಿ ಇರುವುದು ಎರಡೇ. ಕೊನೆಯ ಎರಡು ಸ್ವರಗಳು ಕೂಡಿಕೊಂಡು ಒಂದೇ ಏಟಿನಲ್ಲಿ ಮುಗಿಯುತ್ತವೆ. ತುಳಿ ಎನ್ನುವ ‘ಪೆದಾಲೆಆ’ ಇದಕ್ಕೆ ತಿರುವುಮುರುವು. ಅಲ್ಲಿ ಕೊನೆಯ ಎರಡು ಸ್ವರಗಳು ಕೂಡುವುದೇ ಇಲ್ಲ, ಪೆ-ದಾ-ಲೇ-ಆ ಎಂದು ನಾಲ್ಕಾಗಿ ನಿಲ್ಲುತ್ತವೆ. ಸೀಟು ಬಿಟ್ಟು ಏಳು ಎನ್ನಲು ‘ಲೆ-ಬಾನ್-ತಾ-ತೆ’. ಇದರ ಮೂಲ ರೂಪ ‘ಲೆ-ಬಾನ್-ತಾ’. ಕೊನೆಗೆ ‘ತೆ’ ಅಂಟಿಸಿದರೂ ಒತ್ತು ಇದ್ದಲ್ಲೇ ಇರುತ್ತದೆ, ‘ಬಾನ್’ ಬಿಟ್ಟು ಕದಲುವುದಿಲ್ಲ.

“ನಮ್ಮ ‘ರಿ’ ಇದ್ದಂಗ ಅಂತ ತಿಳೀರಿ,” ಅಂದಳು ಅವಳು, ತುಳಿಯುವುದನ್ನು ನಿಲ್ಲಿಸದೆ. “ಕಡೀಕ ಹಚ್ಚತೇವಿ, ಒಳಗಿನ ಮಾತು ಹಂಗs ಇರತೈತಿ.”

“ಹಂಗಂತ ಅವರ ಮಾತಿಗೂ ರಿ ಹಚ್ಚಬ್ಯಾಡ. ನಿನ್ನೆ ಸರ್‌ಗೆ ‘ಸೀ ರಿ’ ಅಂದಿ.”

“ಬರೇ ‘ಸೀ’ ಅಂದ್ರ ಹೊಳ್ಳಿ ಮಾತಾಡಿದಂಗ ಆಕ್ಕೈತಿ ಅಕ್ಕೋರ. ದೊಡ್ಡವರದಾರ.”

ತರಬೇತುದಾರರು ಆ ‘ರಿ’ಯನ್ನು ಹೌದು ಎನ್ನುವುದಕ್ಕೆ ನಮ್ಮ ಕಡೆಯ ಶಬ್ದವೆಂದೇ ತಿಳಿದು, ಅಂಗಡಿಗೆ ಬಂದಾಗ ಕಾಕಾನಿಗೂ ‘ಸೀ ರಿ’ ಎನ್ನಲು ಶುರು ಮಾಡಿದ್ದರು. ಕಾಕಾ ಅದನ್ನು ತಿದ್ದಲಿಲ್ಲ.

ರಸ್ತೆಯ ಮೇಲೆ ಇನ್ನೊಂದು ತಮಾಷೆಯಾಯಿತು. ತುಳಿ ಎಂಬುದಕ್ಕೂ, ವೇಗ ಹೆಚ್ಚಿಸು ಎಂಬ ‘ಆ-ಸೆ-ಲೇ-ರಾ’ಕ್ಕೂ ಗಾಳಿಯಲ್ಲಿ ಉಳಿಯುವ ಅಕ್ಷರ ‘ಲೇ’ ಒಂದೇ. ಮೊದಲ ವಾರ ಅವಳು ಸಿಟ್ಟಾಗಿ ಬಂದಳು. “ಇಡೀ ರಸ್ತಿ ನಂಗ ಲೇ ಲೇ ಅಂತಾರ ನೋಡ್ರಿ. ನಮ್ಮಪ್ಪನೂ ನಂಗ ಹಂಗ ಅಂದಿಲ್ಲ.” ಎರಡಕ್ಕೂ ಮಾಡಬೇಕಾದದ್ದು ಹೆಚ್ಚುಕಡಿಮೆ ಒಂದೇ ಆದ್ದರಿಂದ ನಾವು ಆ ವಿಷಯವನ್ನು ಅಲ್ಲಿಗೇ ಬಿಟ್ಟೆವು.

ಅವಳ ಲೆಕ್ಕಕ್ಕೂ ಡೈರಿಯಲ್ಲಿ ಗೀಟು ಹಾಕುತ್ತಿದ್ದೆ. ಜನವರಿಯ ಗೀಟುಗಳನ್ನು ನೋಡಿದರೆ, ಜೀಪಿನಿಂದ ಬಂದ ಕೂಗುಗಳಲ್ಲಿ ಅವಳು ಅರ್ಧದಷ್ಟನ್ನೂ ಹಿಡಿದಿರಲಿಲ್ಲ. ಫೆಬ್ರವರಿ ಕೊನೆಗೆ ತಪ್ಪಿದ ಗೀಟುಗಳು ಬೆರಳೆಣಿಕೆಯಷ್ಟಿದ್ದವು. ಹಾದಿಯ ಮೇಲೆ ಅವಳ ಹೊತ್ತೂ ನಾಲ್ವರಲ್ಲಿ ಮೊದಲನೆಯದಾಗಿತ್ತು. ಇಂಥ ಓಟದಲ್ಲಿ ಎಲ್ಲರಿಗಿಂತ ವೇಗದವರನ್ನು ಕೊನೆಗೆ ಬಿಡುವ ರೂಢಿ, ಆದ್ದರಿಂದ ಪರೀಕ್ಷೆಯ ದಿನ ಅವಳನ್ನು ಕೊನೆಯಲ್ಲಿ ಬಿಡುವುದೆಂದು ಗೊತ್ತಾಯಿತು.

ಹಾದಿ ಹೀಗಿತ್ತು: ಬಬಲೇಶ್ವರದ ಹೊರಗೆ ಶುರು, ನಿಡೋಣಿಯ ಮೇಲೆ ಹಾದು ಟಿಕೋಟಾ, ಅಲ್ಲಿಂದ ವಿಜಯಪುರದ ಹೊರವಲಯ. ಒಬ್ಬೊಬ್ಬರನ್ನೇ ಸ್ವಲ್ಪ ಅಂತರ ಕೊಟ್ಟು ಬಿಡುವುದು, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಮೇಲೆ. ಮೊದಲ ಮೂವರ ಹಿಂದೆ ಸಂಘದ ಹುಡುಗರು ಮೋಟಾರ್‌ಸೈಕಲ್ ಮೇಲೆ ದೂರದಿಂದ ಹೋದರು. ಕೊನೆಯವಳ ಹಿಂದೆ ಜೀಪು. ಅದರಲ್ಲಿ ಚಾಲಕ, ತರಬೇತುದಾರರು, ನಾನು. ಕಾರ್ಯದರ್ಶಿ ಮುಂಚೆಯೇ ಹೋಗಿ ಕೊನೆಯ ಗೆರೆಯ ಹತ್ತಿರ ನಿಂತಿದ್ದರು.

ನಿಡೋಣಿ ಹತ್ತಿರ ಬಂದಾಗ ನಮ್ಮ ಹುಡುಗಿ ತನ್ನ ಎಂದಿನ ವೇಗಕ್ಕಿಂತ ಮುಂದಿದ್ದಳು. ತರಬೇತುದಾರರು ಗಡಿಯಾರ ನೋಡಿ ನನ್ನ ಕಡೆ ತಿರುಗಿ ಹುಬ್ಬು ಎತ್ತಿದರು. ಆಗ ಹಲಗೆ ಬಾರಿಸುವ ಸಪ್ಪಳ ಕೇಳಿಸಿತು.

ರಸ್ತೆಗೆ ಅಡ್ಡಲಾಗಿ ಹದಿನೈದಿಪ್ಪತ್ತು ಜನ ನಿಂತಿದ್ದರು. ಹೆಂಗಸರ ಕೈಯಲ್ಲಿ ನೀರು ತುಂಬಿದ ಕೊಡ. ನಡುವೆ ಅವಳ ಆಯಿ, ಅಂದರೆ ಅಜ್ಜಿ, ಆರತಿ ತಟ್ಟೆ ಹಿಡಿದಿದ್ದಳು. ಪಕ್ಕದಲ್ಲಿ ಸೋದರಮಾವ, ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಲಿಂಬೆಹಣ್ಣು. ದೊಡ್ಡ ಕೆಲಸವನ್ನು ಹಿರಿಯರಿಗೆ ತಿಳಿಸದೆ ಶುರು ಮಾಡುವ ರೂಢಿ ಅವರ ಮನೆಯಲ್ಲಿ ಇಲ್ಲ. ಯಾವ ದಿನ, ಯಾವ ಹಾದಿ, ಊರ ಮುಂದೆ ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಅವಳೇ ಹಿಂದಿನ ದಿನ ಫೋನು ಮಾಡಿ ಹೇಳಿದ್ದಳು. ಆಯಿಗೆ ತಿಳಿದದ್ದು ಇಷ್ಟು: ಮೊಮ್ಮಗಳು ಪರದೇಶಕ್ಕೆ ಹೋಗುವ ಕೆಲಸಕ್ಕೆ ಹೊರಟಿದ್ದಾಳೆ, ಊರ ಮುಂದೆಯೇ ಹಾದು ಹೋಗುತ್ತಾಳೆ. ಹಾಗೆ ಹೋಗುವವಳನ್ನು ಆರತಿ ಮಾಡದೆ ಕಳಿಸುವುದು ಹೇಗೆ? ಓಟದಲ್ಲಿ ಹೊತ್ತು ಹಿಡಿಯುತ್ತಾರೆ ಎಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಆರತಿಗೆ ಬೇಕಾಗುವ ಹೊತ್ತನ್ನೂ ಅದರಲ್ಲಿ ಹಿಡಿಯುತ್ತಾರೆ ಎಂದು ಅವರಿಗೆ ಹೊಳೆದಿರಲಿಲ್ಲ.

ಅವಳು ಬ್ರೇಕ್ ಹಿಡಿದು ಒಂದು ಕಾಲು ನೆಲಕ್ಕೆ ಊರಿದಳು.

“ಇಳೀ ಬೇ ತಂಗಿ, ಇಳೀ,” ಅಂದಳು ಆಯಿ. “ಎಷ್ಟೊತ್ತಿಂದ ನಿಂತೇವಿ. ದೀಪ ಆರಾಕತ್ತೈತಿ.”

“ಆಯೀ, ಟೈಮ್ ಹೊಂಟೈತಿ, ಬಿಡ ಬೇ!”

“ಟೈಮ್ ಎಲ್ಲಿ ಹೊಕ್ಕೈತಿ?” ಅಂದ ಮಾವ. “ಗಾಲಿ ಸ್ವಲ್ಪ ಹಿಂದ ತಗೀ, ಲಿಂಬಿಹಣ್ಣ ಇಡತೇನಿ. ಹಂಗs ದಾಟಬಾರದು.”

ತರಬೇತುದಾರರು ಜೀಪಿನಿಂದ ಅರ್ಧ ಹೊರಗೆ ಬಂದು “ಸೀಗೆ! ಸೀಗೆ!” ಎಂದು ಕೂಗಿದರು. ಮುಂದುವರಿ ಎಂದು ಅರ್ಥ. ಎರಡೇ ಅಕ್ಷರ, ಒತ್ತು ಮೊದಲನೆಯದರ ಮೇಲೆ, ಗಾಳಿಯೂ ಇರಲಿಲ್ಲ. ಅವಳಿಗೆ ಪೂರ್ತಿ ಕೇಳಿಸಿತು. ಒಮ್ಮೆ ಹಿಂದೆ ತಿರುಗಿ ನೋಡಿದಳು. ಆಮೇಲೆ ಇನ್ನೊಂದು ಕಾಲನ್ನೂ ಇಳಿಸಿ ಸೈಕಲ್ ಪಕ್ಕಕ್ಕೆ ನಿಂತಳು.

ಕೊಡದ ನೀರು ಅವಳ ಕಾಲಿಗೆ, ಗಾಲಿಗೆ ಬಿತ್ತು. ಹಣೆಗೆ ಭಂಡಾರದ ಅರಿಶಿನ ಹಚ್ಚಿದರು. ಕಾಯಿ ಒಡೆಯಿತು. ಹೆಂಗಸರು ಒಬ್ಬೊಬ್ಬರಾಗಿ ಆರತಿ ಎತ್ತಿದರು. ಅಷ್ಟಕ್ಕೇ ಮುಗಿಯದೆ ಆಯಿ ಜೀಪಿನ ಹತ್ತಿರ ಬಂದು ತರಬೇತುದಾರರ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದಳು.

“ನಮ್ಮ ಕೂಸಿನ್ನ ಚಲೋ ನೋಡ್ಕೋ ಯಪ್ಪಾ. ಅಲ್ಲೆ ಥಂಡಿ ಭಾಳ ಇರತೈತಂತ.”

ಏನೆಂದರು ಎಂದು ಅವರು ನನ್ನನ್ನು ಕೇಳಿದರು. ಹೇಳಿದೆ. ಅವರು ಸಕ್ಕರೆ ಅಗಿಯುತ್ತಾ ಆಯಿಗೆ ತಲೆ ಬಾಗಿಸಿದರು. ಹೆಬ್ಬೆರಳು ಗಡಿಯಾರದ ಗುಂಡಿಯ ಮೇಲೇ ಇತ್ತು, ಒತ್ತಿ ನಿಲ್ಲಿಸಲಿಲ್ಲ. ಅವಳು ಲಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿ ಹೊರಟಾಗ ಎರಡು ನಿಮಿಷಕ್ಕಿಂತ ತುಸು ಹೆಚ್ಚು ಹೋಗಿತ್ತು.

ಅಲ್ಲಿಂದ ಟಿಕೋಟಾದವರೆಗೆ ತರಬೇತುದಾರರು ಬಿಡದೆ ಕೂಗಿದರು. ಏಳು ಎಂದರೆ ಎದ್ದಳು, ಗೇರ್ ಎಂದರೆ ಅದೇ ಕ್ಷಣ ಬದಲಿಸಿದಳು. ಒಂದು ಕೂಗೂ ತಪ್ಪಲಿಲ್ಲ. ಟಿಕೋಟಾ ಕ್ರಾಸಿನಲ್ಲಿ ರಸ್ತೆಯ ಅಂಚಿಗೆ ನಾಲ್ಕಾರು ಹೆಂಗಸರು ನಿಂತಿದ್ದರು. ಒಬ್ಬಳು ಕೆಳಗೆ ಕುಳಿತು ಏನನ್ನೋ ಆಯುತ್ತಿದ್ದಳು. ಸಂತೆಗೆ ಹೊರಟವರಿರಬೇಕು ಎಂದುಕೊಂಡೆ.

ಕೊನೆಯ ಗೆರೆಯ ಹತ್ತಿರ ಒಂದು ಬೇವಿನ ಮರದ ಕೆಳಗೆ ಎಲ್ಲರೂ ಸೇರಿದೆವು. ಕಾರ್ಯದರ್ಶಿ ನಾಲ್ವರ ಹೊತ್ತನ್ನೂ ಓದಿದರು. ನಿಡೋಣಿಯವಳು ಮೂರನೆಯವಳು. ಎರಡನೆಯವಳು ಟಿಕೋಟಾದ ಹುಡುಗಿ, ಇಬ್ಬರ ನಡುವೆ ಅರ್ಧ ನಿಮಿಷವೂ ಅಂತರವಿರಲಿಲ್ಲ. ನಿಂತ ಎರಡು ನಿಮಿಷ ಕಳೆದರೆ ನಮ್ಮವಳೇ ಮೊದಲು ಎಂಬುದಕ್ಕೆ ಕಾಗದ ಪೆನ್ನು ಬೇಕಾಗಿರಲಿಲ್ಲ.

ಜೀಪಿನ ಚಾಲಕನಿಂದ ಎಲ್ಲ ಕೇಳಿ ತಿಳಿದ ಕಾರ್ಯದರ್ಶಿ ನನ್ನ ಹತ್ತಿರ ಬಂದರು. “ಅಕ್ಕೋರ, ನೀವs ಹೇಳ್ರಿ ಸರ್‌ಗೆ. ಅಕೀದೇನ ತಪ್ಪ ಐತಿ? ಮಂದಿ ಅಡ್ಡ ನಿಂತ್ರ ಅವರ ಮ್ಯಾಲೆ ಹಾಯಿಸಬೇಕಿತ್ತೇನ?”

ನಾನು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡು ಹೇಳಿದೆ. ತರಬೇತುದಾರರು ಅದನ್ನು ತಳ್ಳಿಹಾಕಲಿಲ್ಲ. ರೈಲ್ವೆ ಗೇಟು ಬಿದ್ದರೆ ಆ ಹೊತ್ತನ್ನು ಕಳೆಯುತ್ತೇವೆ, ಇದನ್ನೂ ಹಾಗೆ ನೋಡಬಹುದು ಎಂದರು. ಆದರೆ ಉಳಿದ ಮೂವರಿಗೆ ಹಾದಿ ತೆರೆದಿತ್ತೇ ಎಂದು ಮೊದಲು ಗೊತ್ತಾಗಬೇಕು, ಒಬ್ಬೊಬ್ಬರನ್ನೇ ಕೇಳು ಎಂದರು.

ಇಬ್ಬರು ಏನೂ ಅಡ್ಡ ಬರಲಿಲ್ಲ ಎಂದರು. ಟಿಕೋಟಾದ ಹುಡುಗಿ ಕಲ್ಲಿನ ಮೇಲೆ ಕುಳಿತು ಬೂಟಿನ ಪಟ್ಟಿ ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ನಮ್ಮ ಮಂದೀನೂ ನಿಂತಿದ್ರು,” ಅಂದಳು.

“ಎಲ್ಲಿ?”

“ಕ್ರಾಸ್‌ನ್ಯಾಗ. ನಮ್ಮತ್ತಿ ತಟ್ಟಿ ಹಿಡಕೊಂಡು ನಡು ರಸ್ತ್ಯಾಗ ನಿಂತಿದ್ಳು. ನಾ ಬಾಜೂಕಿಂದ ಹಾಯ್ದು ಬಂದೆ. ಇಳೀಲಿಲ್ಲ.” ಇನ್ನೊಂದು ಬೂಟಿನ ಪಟ್ಟಿಗೆ ಕೈ ಹಾಕಿದಳು. “ಹಿಂದ ತಟ್ಟಿ ಬಿದ್ದ ಸಪ್ಪಳಾತು. ಹೊಳ್ಳಿ ನೋಡ್ಲಿಲ್ಲ. ಸಂಜೀಕ ಮನೀಗೆ ಹೆಂಗ ಹೋಗ್ಲಿ ಅಂತ ಕುಂತೇನಿ.”

ಕಾರ್ಯದರ್ಶಿ ನನ್ನ ಕಿವಿಯ ಹತ್ತಿರ ಬಗ್ಗಿದರು. “ಇಷ್ಟೆಲ್ಲಾ ಹೇಳಾಕ ಹೋಗಬ್ಯಾಡ್ರಿ. ಎಲ್ಲೂ ನಿಲ್ಲದs ಬಂದೆ ಅಂತಾಳ ಅನ್ರಿ, ಸಾಕು. ಅದೇನ ಸುಳ್ಳಲ್ಲ.”

ಸುಳ್ಳಲ್ಲ ಎಂಬುದು ನಿಜ. ನಾನು ನಿಡೋಣಿಯ ಹುಡುಗಿಯ ಕಡೆ ನೋಡಿದೆ. ಅವಳು ಬಾಟಲಿಯ ನೀರನ್ನು ಅಂಗೈಗೆ ಹಾಕಿಕೊಂಡು ಹಣೆಯ ಭಂಡಾರ ತೊಳೆಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ತರಬೇತುದಾರರು ಕಾಯುತ್ತಿದ್ದರು. ಟಿಕೋಟಾದವಳು ಹೇಳಿದ್ದನ್ನು ಅವಳು ಹೇಳಿದ ಕ್ರಮದಲ್ಲೇ ಹೇಳಿದೆ: ಅತ್ತೆ, ತಟ್ಟೆ, ಪಕ್ಕದಿಂದ ಹಾಯ್ದದ್ದು, ಇಳಿಯದಿದ್ದದ್ದು, ಸಪ್ಪಳ. ಸಂಜೆ ಮನೆಗೆ ಹೋಗುವ ಮಾತನ್ನೂ ಬಿಡಲಿಲ್ಲ.

ಅವರು ಆ ಹುಡುಗಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಇಬ್ಬರಿಗೂ ಒಂದೇ ಗೇಟು ಬಿದ್ದಿತ್ತು, ಒಬ್ಬಳು ನಿಂತಳು, ಇನ್ನೊಬ್ಬಳು ನಿಲ್ಲಲಿಲ್ಲ ಎಂದರು. ಹೊತ್ತು ಇದ್ದ ಹಾಗೇ ಉಳಿಯಿತು. ಮೊದಲ ಇಬ್ಬರ ಹೆಸರು ಬರೆದುಕೊಂಡರು.

ಮಧ್ಯಾಹ್ನ ನಿಡೋಣಿಯವಳನ್ನು ಊರಿಗೆ ಬಿಟ್ಟುಬರಲು ಅದೇ ಜೀಪು ಹೊರಟಿತು. ಸೈಕಲನ್ನು ಮೇಲೆ ಕಟ್ಟಿದ್ದರು. ನಾನೂ ಹೋದೆ. ಹೋಗು ಎಂದು ಯಾರೂ ಹೇಳಿರಲಿಲ್ಲ. ಟಿಕೋಟಾ ದಾಟುವವರೆಗೆ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು.

“ಇಳೀಲಿಲ್ಲ ಅಂದಳಲ್ಲ ಅಕಿ. ಅದನ್ನ ಅವರ ಮಾತಿನ್ಯಾಗ ಹೆಂಗ ಹೇಳಿದ್ರಿ?”

“ನೋ ಮೆ ಬಾಹೇ.”

ರಸ್ತೆಯ ಮೇಲೆ ಬೇಕಾಗುವುದು ಆಜ್ಞೆಗಳು ಮಾತ್ರ. ಹಾಗಾಗಿ ಅಷ್ಟು ತಿಂಗಳಲ್ಲಿ ನಾವು ಭೂತಕಾಲದ ಒಂದು ರೂಪವನ್ನೂ ಮುಟ್ಟಿರಲಿಲ್ಲ. ಅವಳು ಅದನ್ನು ಬಾಯಲ್ಲೇ ಹೊರಳಿಸಿ ನೋಡಿದಳು.

“ಇದರಾಗ ಭಾರ ಕಡೀಕ ಐತಲ್ರಿ.”

“ಹೌದು. ನಾ ಮಾಡಿದೆ, ಮುಗೀತು ಅಂತ ಹೇಳೂ ಮುಂದ ಕಡೀ ಅಕ್ಷರದ ಮ್ಯಾಲೆ ಬೀಳತೈತಿ.”

“ಇಳದೆ ಅನ್ನಾಕ?”

“ಮುಂದಿನ ‘ನೋ’ ತಗದ್ರಾತು.”

“ಮೆ ಬಾಹೇ,” ಅಂದಳು. ಒತ್ತು ಸರಿಯಾಗಿ ಬಿತ್ತು. ಮತ್ತೊಮ್ಮೆ ಹೇಳಲಿಲ್ಲ.

ನಿಡೋಣಿಯ ತೋಟಗಳು ಕಾಣತೊಡಗಿದಾಗ ನನ್ನ ಕಡೆ ತಿರುಗಿದಳು. “ಆಯಿಗೆ ಆರತಿ ಸಲುವಾಗಿ ಹೋತು ಅಂತ ಹೇಳಬ್ಯಾಡ್ರಿ ಅಕ್ಕೋರ. ಅಕಿ ಅದನ್ನ ಹಿಡಕೊಂಡು ಕುಂದರತಾಳ. ಕಾಲ ಹಿಡೀತು ಅಂತ ಹೇಳತೇನಿ.”

“ಯಾವ ಕಾಲು?” ಎಂದು ಕೇಳಿದೆ.

ಅವಳು ಸ್ವಲ್ಪ ಯೋಚಿಸಿದಳು. “ಎಡಗಾಲು,” ಅಂದಳು.

ಜೀಪು ಮನೆಯ ಮುಂದೆ ನಿಂತಿತು. ಆಯಿ ಕಟ್ಟೆಯ ಮೇಲೆ ಕುಳಿತು ಒಡೆದ ಕಾಯಿಯ ಹೋಳುಗಳನ್ನು ಓಣಿಯ ಮಕ್ಕಳಿಗೆ ಹಂಚುತ್ತಿದ್ದಳು. ಹುಡುಗಿ ಬಲಗಾಲನ್ನು ಮೊದಲು ಊರಿ, ನನ್ನ ಹೆಗಲು ಹಿಡಿದು ಸಾವಕಾಶ ಇಳಿದಳು.